ಎರಡು ಮನೆಗೆ ಒಂದು ಫ್ಯೂಜಿನ ಪೆಟ್ಟಿಗೆ

ಮನೆಯ ಕರೆಂಟಿನ ಪೆಟ್ಟಿಗೆಯನ್ನು ಯಾವಾಗ ಬದಲಿಸಬೇಕು ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಗೋಕಾಕದ ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮಾವನಿಗೆ ಗೊತ್ತಿತ್ತು, ಗೋಡೆಯಾಚೆ ಇದ್ದ ಅವರ ಅಣ್ಣನಿಗೆ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಯಾರೂ ಬದಲಿಸಲಿಲ್ಲ. ಅದಕ್ಕೆ ಕಾರಣ ಜಿಪುಣತನವಲ್ಲ, ದಡ್ಡತನವೂ ಅಲ್ಲ. ಎರಡೂ ನಮ್ಮ ಮನೆಯಲ್ಲಿ ಸಾಕಷ್ಟು ಇದ್ದವು ಎಂಬುದು ಬೇರೆ ಮಾತು.

ನಾನು ಹುಕ್ಕೇರಿಯಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧದ ಕಾಲದಲ್ಲಿ. ನನ್ನ ತವರಿನಲ್ಲಿ ಚಿಮಣಿ ದೀಪ. ಯುದ್ಧದಿಂದಾಗಿ ಚಿಮಣಿ ಎಣ್ಣೆಯೂ ಸಿಗದೆ, ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆದು ಕೂಡುತ್ತಿದ್ದೆವು. ಮದುವೆ ಗೊತ್ತಾದಾಗ ನಮ್ಮವ್ವ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು: “ನಮ್ಮ ಹುಡುಗಿ ಕರೆಂಟಿನ ಮನಿಗೆ ಹೊಂಟಾಳ.” ವರ ಹೇಗಿದ್ದಾನೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ. ಗುಂಡಿ ಒತ್ತಿದರೆ ಬೆಳಕು ಬೀಳುವ ಮನೆಯಲ್ಲಿ ಗಂಡ ಒಂದಿಷ್ಟು ಹೆಚ್ಚುಕಡಿಮೆಯಾಗಿದ್ದರೂ ನಡೆದೀತು ಎಂದುಕೊಂಡಿದ್ದೆ.

ಮನೆ ತುಂಬಿಸಿಕೊಂಡ ಸಂಜೆ ಮಾವ ಹೆಮ್ಮೆಯಿಂದ ನಾಲ್ಕೂ ದೀಪ ಹಚ್ಚಿದರು. ನಾನು ತಲೆಯೆತ್ತಿ ಒಂದನ್ನು ಸರಿಯಾಗಿ ನೋಡುವಷ್ಟರಲ್ಲಿ ಎಲ್ಲವೂ ಆರಿಹೋದವು. ಆ ಕತ್ತಲಲ್ಲಿ ಮಾವ ನಡುಮನೆಯ ಗೋಡೆಯತ್ತ ಮುಖ ಮಾಡಿ ಗುಡುಗಿದರು.

“ಏನ್ರಿ ಅಣ್ಣಾರ! ಮದವಿ ನಮ್ಮ ಮನ್ಯಾಗ ಆಗೇತೋ, ನಿಮ್ಮ ಮನ್ಯಾಗ ಆಗೇತೋ? ಇದ್ದಷ್ಟೂ ಕರೆಂಟ ನೀವ ಕುಡದ ಕುಂತೀರಲ್ಲ!”

ಗೋಡೆಯ ಆಚೆಯಿಂದ ಅಷ್ಟೇ ಜೋರಿನ ಉತ್ತರ ಬಂತು. “ಸೊಸಿ ಮಾರಿ ನೋಡಾಕ ನಾಕ ದೀಪಾ ಬೇಕೇನೋ ನಿನಗ? ಒಂದು ಸಾಲೂದಿಲ್ಲ? ತಂತಿ ಸುಡಿಸಿದಾಂವ ನೀ, ಮ್ಯಾಲ ನನಗ ಕೇಳ್ತಿ!”

ಮಾತು ಅಲ್ಲಿಂದ ಅಜ್ಜ, ಮುತ್ತಜ್ಜರ ತನಕ ಹೋಯಿತು. ಕೊಲೆಯೇ ಆಗುತ್ತದೆ ಎಂದುಕೊಂಡೆ. ಅತ್ತೆಯ ಸೆರಗು ಹಿಡಿದು ಕೇಳಿದೆ: “ಅತ್ತಿ, ಬಡದಾಡತಾರೇನ್ರಿ?”

“ಇಲ್ಲವಾ,” ಎಂದರು ಅತ್ತೆ, ಕತ್ತಲಲ್ಲೇ ನನ್ನ ಸೀರೆಯ ನೆರಿಗೆ ಸರಿಮಾಡುತ್ತ. “ಅಣ್ಣಾ ತಮ್ಮಾ ಮಾತಾಡಾಕತ್ತಾರ. ನೀ ಕುಂಡ್ರು.”

ಆಮೇಲೆ ತಿಳಿದ ಕಥೆ ಇಷ್ಟು. ಮಾವನಿಗೂ ಅವರ ಅಣ್ಣನಿಗೂ, ಅಂದರೆ ನನ್ನ ದೊಡ್ಡ ಮಾವನಿಗೂ, ತುಕ್ಕಾನಟ್ಟಿಯ ಕಡೆ ಕಾಲುವೆ ನೀರಿನ ಹೊಲವಿತ್ತು. ಒಂದು ಬೇಸಿಗೆಯಲ್ಲಿ ತಮ್ಮನ ಪಾಳಿಯ ದಿನ ಅಣ್ಣನ ಆಳು ತೂಬು ತಿರುಗಿಸಿಕೊಂಡ. ಮಾತಿಗೆ ಮಾತು ಬೆಳೆದು ಮನೆಯೇ ಒಡೆಯಿತು. ಮೂಡಲಗಿಯ ಪೇಟೆಯಿಂದ ಬೀಗರ ಪೈಕಿಯ ಹಿರಿಯರೊಬ್ಬರು ಪಂಚರಾಗಿ ಬಂದು ಹೊಲ, ಎತ್ತು, ಹಂಡೆ, ಒರಳು ಎಲ್ಲವನ್ನೂ ಎರಡು ಮಾಡಿದರು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಮಣ್ಣು ಸಾಲದೆಯೋ, ಸಿಟ್ಟು ಇಳಿದೋ, ಗೋಡೆ ಮಾಳಿಗೆಯವರೆಗೆ ಹೋಗಲಿಲ್ಲ. ತೊಲೆಗಳ ಕೆಳಗೆ ಮೊಳದಷ್ಟು ಸಂದು ಉಳಿಯಿತು. ಅವತ್ತಿನಿಂದ ಅಣ್ಣ ತಮ್ಮನ ಹೊಸ್ತಿಲು ತುಳಿಯಲಿಲ್ಲ, ತಮ್ಮ ಅಣ್ಣನ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಒಡೆಯಲಾಗದೆ ಉಳಿದದ್ದು ಒಂದೇ, ಫ್ಯೂಜಿನ ಪೆಟ್ಟಿಗೆ. ಊರಿಗೆ ಕರೆಂಟು ಬಂದ ಹೊಸದರಲ್ಲಿ ಕೂಡುಮನೆಗೆಂದು ಹಾಕಿಸಿದ್ದ ಕಟ್ಟಿಗೆಯ ಸಣ್ಣ ಪೆಟ್ಟಿಗೆ ಅದು. ಒಳಗೆ ಬಿಳಿ ಪಿಂಗಾಣಿಯ ಫ್ಯೂಜುಗಳು, ಪಕ್ಕದಲ್ಲಿ ಇಳಿಸಿದರೆ ಕರೆಂಟೆಲ್ಲ ನಿಲ್ಲುವ, ಹಿಡಿಕೆಯ ದೊಡ್ಡ ಖಟಕಾ. ಪಾಲಿನಲ್ಲಿ ಅದು ದೊಡ್ಡ ಮಾವನ ಕಡೆ ಉಳಿಯಿತು. ನಮ್ಮ ದೀಪಗಳ ತಂತಿ ಗೋಡೆಯಲ್ಲಿ ಕೊರೆದ ಒಂದು ತೂತಿನಿಂದ ಈಚೆ ಬರುತ್ತಿತ್ತು. ಯುದ್ಧದಿಂದಾಗಿ ಬೆಳಗಾವಿಯಲ್ಲೂ ಹೊಸ ಪೆಟ್ಟಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಪಂಚರು ಗಡ್ಡ ಕೆರೆದುಕೊಂಡು, ತಮಗೆ ಗೊತ್ತಿದ್ದ ಏಕೈಕ ನ್ಯಾಯವನ್ನು ಹೇಳಿದರು. ಅದು ಕಾಲುವೆಯ ನ್ಯಾಯ.

“ಇದೂ ಒಂದು ತೂಬ ಅಂತ ತಿಳೀರಿ,” ಎಂದರಂತೆ. “ಒಂದಿನ ದೊಡ್ಡಾಂವನ ಪಾಳಿ, ಒಂದಿನ ಸಣ್ಣಾಂವನ ಪಾಳಿ. ಪಾಳಿ ಇದ್ದಾಂವ ಎಲ್ಲಾ ದೀಪಾ ಹಚ್ಚಲಿ. ಇಲ್ಲದಾಂವ ಒಂದ ಹಚ್ಚಲಿ.”

ಇದನ್ನು ಕೇಳಿ ಯಾರೂ ನಗಲಿಲ್ಲ. ನೀರಿನ ಸೀಮೆಯ ಜನಕ್ಕೆ ಕರೆಂಟು ಎಂದರೆ ತಂತಿಯೊಳಗೆ ಹರಿಯುವ ನೀರು. ತೂಬಿನ ಹತ್ತಿರದ ಹೊಲ ಮೊದಲು ಕುಡಿಯುತ್ತದೆ, ಕಾಲುವೆಯ ಬಾಲದಲ್ಲಿದ್ದವನಿಗೆ ಉಳಿದಷ್ಟು. ಪೆಟ್ಟಿಗೆ ಅಣ್ಣನ ಮನೆಯಲ್ಲಿದ್ದುದರಿಂದ ಅವರ ದೀಪಗಳು ಹೊಟ್ಟೆ ತುಂಬ ಕುಡಿದು ಮಿಕ್ಕಿದ್ದು ತಮಗೆ ಬರುತ್ತದೆ ಎಂದು ಮಾವ ಕೊನೆಯವರೆಗೂ ನಂಬಿದ್ದರು. ತಮ್ಮ ಪಾಳಿ ಹುಣ್ಣಿಮೆಯ ದಿನ ಬಂದರೆ ಅವರಿಗೆ ಎಲ್ಲಿಲ್ಲದ ಸಂಕಟ. ಅಂಗಳದಲ್ಲಿ ಹಾಲು ಚೆಲ್ಲಿದಂಥ ಬೆಳದಿಂಗಳು, ಒಳಗೆ ನಾಲ್ಕು ದೀಪ. ಮಾವ ಮಾತ್ರ ಅವೆರಡರ ಮಧ್ಯೆ ಕುಳಿತು, ಪಂಚರು ದೊಡ್ಡವನ ಕಡೆಯವರೇ, ಬೇಕಂತಲೇ ಹೀಗೆ ಪಾಳಿ ಹಚ್ಚಿದ್ದಾರೆ ಎಂದು ಗೊಣಗುತ್ತಿದ್ದರು.

ಪೆಟ್ಟಿಗೆ ಹಳತಾಯಿತು, ಇನ್ನು ತಡೆಯಲಾರದು ಎನ್ನುವ ಲಕ್ಷಣಗಳು ಬಂದವು. ನಮ್ಮಲ್ಲಿ ಒಂದೊಂದು ಲಕ್ಷಣಕ್ಕೂ ಒಂದೊಂದು ಒಳ್ಳೆಯ ಅರ್ಥ ಸಿಕ್ಕಿತು. ಪೆಟ್ಟಿಗೆ ಗುಂಯ್‌ ಎನ್ನತೊಡಗಿದಾಗ, ಕಾಲುವೆಗೆ ನೀರು ಬಿಟ್ಟಾಗ ತೂಬು ಹೀಗೇ ಸದ್ದು ಮಾಡುತ್ತದೆ, ಒಳ್ಳೆಯ ಹರಿವಿದೆ ಎಂದರು. ಫ್ಯೂಜಿನ ತಂತಿ ಪದೇ ಪದೇ ಸುಡತೊಡಗಿದಾಗ, ಒಡ್ಡು ತೆಳ್ಳಗಾಯಿತು ಎಂದರು. ಯುದ್ಧದ ಕಾಲ, ಸರಿಯಾದ ಫ್ಯೂಜ್ ತಂತಿ ಸಿಗುತ್ತಿರಲಿಲ್ಲ. ದೊಡ್ಡ ಮಾವ ಅರಳೆಯ ಗಂಟು ಬಿಗಿಯುವ ಕಬ್ಬಿಣದ ತಂತಿ ತಂದು ಬೆರಳು ದಪ್ಪ ಹೊಸೆದು ಹಾಕಿದರು. ಒಡ್ಡು ಗಟ್ಟಿಯಾಯಿತು, ದೀಪ ಹೋಗುವುದು ನಿಂತಿತು. ಊರಿನ ನಾಲ್ಕು ಜನ ಬಂದು ಆ ಬುದ್ಧಿವಂತಿಕೆಯನ್ನು ನೋಡಿಕೊಂಡು ಹೋದರು.

ಫ್ಯೂಜು ಕೆಟ್ಟು ಹೋಗುವುದೇ ಅದರ ಕೆಲಸ, ಅದು ಸತ್ತು ಮನೆ ಉಳಿಸುತ್ತದೆ ಎಂಬುದು ಆಗ ನನಗೂ ತಿಳಿದಿರಲಿಲ್ಲ. ಮುಂದೆ ಪೆಟ್ಟಿಗೆ ಬೆಚ್ಚಗಾಗತೊಡಗಿತು. ಗೋಡೆಯ ಈಚೆ ನಮ್ಮ ಕಡೆಯೂ ಮುಟ್ಟಿದರೆ ಬಿಸಿ. ಚಳಿಗಾಲದಲ್ಲಿ ಮನೆಯ ಬೆಕ್ಕು ಅಲ್ಲಿಗೇ ಬಂದು ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ದೊಡ್ಡತ್ತೆ ಪೆಟ್ಟಿಗೆಯ ಮೇಲೆ ಒದ್ದೆ ಸಂಡಿಗೆಯ ತಟ್ಟೆ ಇಡುತ್ತಾರೆ ಎಂದು ಕೇಳಿ ಮಾವನಿಗೆ ಹೊಟ್ಟೆಯುರಿ. “ಪೆಟಗಿ ಇಬ್ಬರದು, ಸಂಡಗಿ ಒಬ್ಬರದು! ಇದ್ಯಾವ ನ್ಯಾಯ್ರಿ ಅಣ್ಣಾರ?” ಎಂದು ಒಂದು ಸಂಜೆ ಪೂರ್ತಿ ಗೋಡೆಯ ಮೇಲಿಂದ ಕೂಗಾಡಿದರು. ಮರುದಿನ ಗೋಡೆಯ ಸಂದಿನಿಂದ ಒಂದು ಪುಟ್ಟಿ ಸಂಡಿಗೆ ಈಚೆ ಬಂತು. ಮಾವ ಅದನ್ನು ಮುಟ್ಟಲಿಲ್ಲ. ನಾವೆಲ್ಲ ಕರಿದು ತಿಂದೆವು.

ಯುದ್ಧ ಮುಗಿಯುವ ಹೊತ್ತಿಗೆ ದೊಡ್ಡ ಮಾವ ರೇಡಿಯೋ ತಂದರು. ಸಂಜೆ ಸುದ್ದಿ ಕೇಳಲು ಓಣಿಯ ಗಂಡಸರೆಲ್ಲ ಅವರ ಪಡಸಾಲೆಗೆ ಹೋಗತೊಡಗಿದರು. ಮಾವ ಒಬ್ಬರೇ ಈಚೆ. ಎರಡು ವಾರ ತಡೆದುಕೊಂಡು, ಬೆಳಗಾವಿಗೆ ಹೋಗಿ, ಕರೆಂಟಿನ ಇಸ್ತ್ರಿ ತಂದರು. ನಮ್ಮ ಮನೆಯಲ್ಲಿ ಇಸ್ತ್ರಿ ಮಾಡಬೇಕಾದ ಬಟ್ಟೆ ಯಾವುದಿತ್ತೋ ಆ ಶಿವನಿಗೇ ಗೊತ್ತು. ಮಾವ ತಮ್ಮ ಪಟಗಾವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಸುಕ್ಕಿಲ್ಲದಂತೆ ಉಜ್ಜುತ್ತಿದ್ದರು. ಆಮೇಲೆ ಅದನ್ನು ತಿರುಚಿ ತಿರುಚಿ ತಲೆಗೆ ಸುತ್ತಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡುವ ಹೊತ್ತು ಮಾತ್ರ ಕರಾರುವಾಕ್ಕಾಗಿ ಸುದ್ದಿಯ ಹೊತ್ತು. ಇಸ್ತ್ರಿ ಕಾದಂತೆ ಎರಡೂ ಮನೆಯ ದೀಪ ಕೆಂಪಾಗುತ್ತಿದ್ದವು, ರೇಡಿಯೋ ಮೂಗಿನಲ್ಲಿ ಮಾತಾಡುತ್ತಿತ್ತು. ಆಚೆಯಿಂದ ದೊಡ್ಡ ಮಾವನ ಬೈಗುಳ ಶುರುವಾದರೆ ಮಾವನ ಮುಖದಲ್ಲಿ ಊಟ ಮಾಡಿದಷ್ಟು ತೃಪ್ತಿ.

ವಾಯರಮನ್‌ ಒಬ್ಬ ಆಗಾಗ ಬರುತ್ತಿದ್ದ. ಜಲಪಾತದ ಕಡೆಯವನು, ಬಾಯಿ ಬಹಳ. ದೀಪದ ಕೆಳಗೆ ಹೆಚ್ಚು ಹೊತ್ತು ಕೂತರೆ ತಲೆ ಬೋಳಾಗುತ್ತದೆ ಎಂದು ತನ್ನ ತಲೆ ತೋರಿಸಿ ಹೇಳುವಂಥವನು. ಆದರೆ ಪೆಟ್ಟಿಗೆಯ ವಿಷಯದಲ್ಲಿ ಅವನು ಸುಳ್ಳು ಹೇಳಲಿಲ್ಲ. ಆಚೆ ಒಂದು ಕಪ್ಪು, ಈಚೆ ಒಂದು ಕಪ್ಪು ಚಹಾ ಕುಡಿದು ಎರಡೂ ಕಡೆ ಅದನ್ನೇ ಹೇಳುತ್ತಿದ್ದ.

“ಇದು ಇವತ್ತಿಲ್ಲಾ ನಾಳಿ ಸುಡತೈತ್ರಿ. ಬಿಸಿ ಆಗಾಕತ್ತೇತಿ, ವಾಸನಿ ಬರಾಕತ್ತೇತಿ, ದೀಪಾ ಕೆಂಪ ಆಗಾಕತ್ತಾವು. ಇನ್ನೇನ ಹೇಳಬೇಕ್ರಿ ಅದು, ಬಾಯಿ ಬಿಟ್ಟು? ಈಗ ಪೆಟಗಿ ಸಿಗತಾವು. ಎರಡ ಮನಿಗೆ ಎರಡ ಬ್ಯಾರೆ ಬ್ಯಾರೆ ಹಾಕಸರಿ. ಮತ್ತ ಸುಟ್ಟಾಗ ನೀರ ಗೀರ ಹಾಕೀರಿ, ಸತ್ತ ಹೋಗ್ತೀರಿ. ಉಸುಕು ಹಾಕರಿ, ಬೂದಿ ಹಾಕರಿ.”

ಇಬ್ಬರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಕಬ್ಬು ಕಡಿದಾಗಲಿ ಎಂದರು. ಕಬ್ಬು ಕಡಿದಾದ ಮೇಲೆ ಆಷಾಢ ಎಂದರು. ಶ್ರಾವಣ ಬಂದರೆ, ಇಂಥ ಒಳ್ಳೆಯ ತಿಂಗಳಲ್ಲಿ ಒಡೆಯುವ ಮಾತೇಕೆ ಎಂದರು. ಮನೆ ಒಡೆಯುವಾಗ ಯಾವ ತಿಂಗಳನ್ನೂ ನೋಡದ ಜನ!

ನನಗೆ ಸಿಟ್ಟು ಬರುತ್ತಿತ್ತು. ಆಗ ನನ್ನ ಮಗಳು ತೊಟ್ಟಿಲಲ್ಲಿದ್ದಳು. ಬಿಸಿಯಾಗುವ ಆ ಗೋಡೆಯಿಂದ ತೊಟ್ಟಿಲನ್ನು ಎಲ್ಲಿಗೆ ಸರಿಸಿದರೂ ನನಗೆ ಸಮಾಧಾನವಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಅತ್ತೆಯ ಮುಂದೆ ಜಾಡಿಸಿಬಿಟ್ಟೆ. “ಹಟಕ್ಕ ಬಿದ್ದು ಒಂದಿನ ಎಲ್ಲಾರನೂ ಸುಡತಾರ ನೋಡ್ರಿ ಅತ್ತಿ. ಎರಡ ಪೆಟಗಿ ಹಾಕಸಾಕ ಏನ ಧಾಡಿ ಇಬ್ರಿಗೂ?”

ಅತ್ತೆ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದರು. “ನೀ ಹೇಳೂದು ಖರೆ ಐತೆವಾ. ಆದ್ರ ಎರಡ ಪೆಟಗಿ ಆದ್ರ ಆ ಇಬ್ರು ಯಾತರ ಸಲುವಾಗಿ ಮಾತಾಡಬೇಕು? ನಿನ್ನ ಮಾವಗ ಬ್ಯಾರೆ ಯಾರ ಅದಾರು? ಅವ್ವ ಅಪ್ಪ ಸತ್ತಾಗ ಎತ್ತಿ ಬೆಳಸಿದಾಂವ ಆ ಅಣ್ಣಾನ. ಬಾ ಅಂದ್ರ ಓಡಿ ಹೋಗ್ತಾರ ಇವರು. ಅಂವ ಕರ್ಯೂದಿಲ್ಲ, ಇವರು ಕರೀದ ಹೋಗೂದಿಲ್ಲ. ದಿನಾ ಸಂಜೀಕ ಒಂದೀಟ ಬೈದಾಡಿ ಮಲಕೋತಾರ. ಅದರಿಂದ ಇಬ್ರಿಗೂ ನಿದ್ದಿ ಬರತೈತಿ.”

ರೊಟ್ಟಿ ಸೀದುಹೋಯಿತು. ಅಲ್ಲಿಯವರೆಗೆ ಮಾವನನ್ನು ನಾನು ಬರೀ ಹಟಮಾರಿ ಎಂದುಕೊಂಡಿದ್ದೆ. ಅಂದು ಸಂಜೆ ಅವರು ಇಸ್ತ್ರಿ ಕಾಯಲು ಇಟ್ಟು, ಕಿವಿ ಗೋಡೆಯತ್ತ ಮಾಡಿ ಕುಳಿತದ್ದನ್ನು ನೋಡಿ ಪಾಪ ಅನ್ನಿಸಿತು. ಹಾಗೆಂದು ತೊಟ್ಟಿಲ ಚಿಂತೆ ಬಿಟ್ಟಿತೇ? ಅದೂ ಬಿಡಲಿಲ್ಲ.

ಕೊನೆಗೆ ಪೆಟ್ಟಿಗೆಯೇ ತೀರ್ಮಾನ ಮಾಡಿತು. ಒಂದು ಚಳಿಗಾಲದ ಸಂಜೆ ಆಚೆ ರೇಡಿಯೋ, ಈಚೆ ಇಸ್ತ್ರಿ, ಎರಡೂ ಮನೆಯಲ್ಲಿ ಇದ್ದಬದ್ದ ದೀಪವೆಲ್ಲ ಹತ್ತಿದ್ದವು. ಪಾಳಿಯ ನ್ಯಾಯ ಮುರಿದು ಬಹಳ ಕಾಲವಾಗಿತ್ತು. ದೀಪಗಳು ಕೆಂಪಾದವು. ಚಟಚಟ ಎಂದು ಸದ್ದಾಯಿತು. ಗೋಡೆಯ ತೂತಿನಿಂದ ಕಪ್ಪು ಹೊಗೆ ನುಗ್ಗಿ ಬಂತು, ಆಚೆ ದೊಡ್ಡತ್ತೆ ಕಿಟಾರನೆ ಕಿರುಚಿದರು.

ಮಾವ ತಲೆಗೆ ಅರ್ಧ ಸುತ್ತಿದ್ದ ಪಟಗಾವನ್ನು ಹಾಗೇ ಬಿಟ್ಟು, ಒಲೆಯ ಬೂದಿಯನ್ನು ಮೊರದಲ್ಲಿ ತುಂಬಿಕೊಂಡು ಓಡಿದರು. ನಾನು ಮಗಳನ್ನು ಸೊಂಟಕ್ಕೇರಿಸಿ ಹಿಂದೆ ಓಡಿದೆ. ಅಂಗಳ ದಾಟಿ, ಅಷ್ಟು ವರ್ಷ ತುಳಿಯದ ಹೊಸ್ತಿಲನ್ನು ಮಾವ ನೋಡಲೂ ಇಲ್ಲ, ಹಾರಿಯೇ ಹೋದರು. ಒಳಗೆ ಪೆಟ್ಟಿಗೆ ಉರಿಯುತ್ತಿತ್ತು. ದೊಡ್ಡ ಮಾವ ತುಂಬಿದ ಕೊಡ ಎತ್ತಿ ನೀರು ಚೆಲ್ಲಲು ನಿಂತಿದ್ದರು.

“ಅಣ್ಣಾ! ನೀರ ಬ್ಯಾಡೋ! ಸಾಯ್ತೀಯೋ ಅಣ್ಣಾ!”

ಮಾವನ ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ದೊಡ್ಡ ಮಾವನ ಕೈಯಿಂದ ಕೊಡ ಜಾರಿ ಬಿದ್ದು ಉರುಳಿತು. ಆ ಗದ್ದಲದಲ್ಲಿ ಬುದ್ಧಿ ನೆಟ್ಟಗಿದ್ದದ್ದು ದೊಡ್ಡತ್ತೆ ಒಬ್ಬರಿಗೇ. ಮಜ್ಜಿಗೆಯ ಕಡಗೋಲು ತಂದು, ಅದರ ತುದಿಯಿಂದ ಖಟಕಾದ ಹಿಡಿಕೆಗೆ ಒಂದೇಟು ಹಾಕಿ ಕೆಳಗೆ ಬೀಳಿಸಿದರು. ಆಮೇಲೆ ಅಣ್ಣ ತಮ್ಮ ಇಬ್ಬರೂ ಮೊರ ಮೊರ ಬೂದಿ ಎರಚಿದರು. ಅರ್ಧ ಪೆಟ್ಟಿಗೆಯ ಮೇಲೆ, ಅರ್ಧ ಒಬ್ಬರ ಮೇಲೊಬ್ಬರು.

ಯಾರೋ ಕಂದೀಲು ತಂದರು. ಇಬ್ಬರೂ ಎದುರುಬದುರು ನಿಂತು ಏದುಸಿರು ಬಿಡುತ್ತಿದ್ದರು, ತಲೆಯಿಂದ ಕಾಲಿನವರೆಗೆ ಬೂದಿ. ಈಗ ತಬ್ಬಿಕೊಳ್ಳುತ್ತಾರೆ ಎಂದು ನಾನು ಕಾದೆ. ದೊಡ್ಡ ಮಾವ ಕೆಮ್ಮುತ್ತ ಬಹಳ ಕಷ್ಟಪಟ್ಟು ಒಂದು ಮಾತು ಹೊರಡಿಸಿದರು: “ಕುಂಡ್ರು.”

ಮಾವ ಆಚೀಚೆ ನೋಡಿದರು. ಓಣಿಯ ಜನ ಬಾಗಿಲಲ್ಲಿ ತುಂಬಿಕೊಂಡಿದ್ದರು. ಅಷ್ಟು ಜನರ ಮುಂದೆ ಕೂಡುವುದು ಹೇಗೆ, ಅದಕ್ಕೊಂದು ಕಾರಣವಾದರೂ ಬೇಡವೇ? “ಮನ್ಯಾಗ ಕತ್ತಲ ಐತಿ,” ಎಂದು ಹೇಳಿ ಖಾಲಿ ಮೊರ ಹಿಡಿದುಕೊಂಡು ಬಂದುಬಿಟ್ಟರು. ಆ ಮನೆಯಲ್ಲೇನು ಬೆಳಕಿತ್ತೇ? ನನಗೆ ಇಬ್ಬರನ್ನೂ ಅದೇ ಮೊರದಿಂದ ಬಡಿಯಬೇಕು ಎನ್ನಿಸಿತು.

ಮುಂದಿನ ವಾರ ಎರಡು ಕಬ್ಬಿಣದ ಪೆಟ್ಟಿಗೆಗಳು ಬಂದವು. ಹೊಸ ತಂತಿ, ಹೊಸ ಫ್ಯೂಜು, ಹೊಸ ಖಟಕಾ, ಅವರದು ಅವರಿಗೆ, ನಮ್ಮದು ನಮಗೆ. ಗೋಡೆಯ ತೂತಿಗೆ ಮಣ್ಣು ಮೆತ್ತಿದರು. ವಾಯರಮನ್‌ ಎರಡೂ ಕಡೆ ಚಹಾ ಕುಡಿದು, ಇನ್ನು ನಿಮ್ಮ ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ ಎಂದು ಹೇಳಿಹೋದ. ಅದು ನಿಜವೇ ಆಯಿತು. ದೀಪ ಕೆಂಪಾಗಲಿಲ್ಲ, ಆರಲಿಲ್ಲ, ಪೆಟ್ಟಿಗೆ ಬಿಸಿಯಾಗಲಿಲ್ಲ. ನಾನು ತೊಟ್ಟಿಲನ್ನು ಬೇಕಾದಲ್ಲಿ ಕಟ್ಟಿ ನೆಮ್ಮದಿಯಿಂದ ನಿದ್ದೆ ಮಾಡಿದೆ. ನನ್ನ ಗಂಡ, ಮನೆಯಲ್ಲಿ ಈಗ ಶಾಂತಿಯಾಯಿತು ಎಂದು ಬಂದವರಿಗೆಲ್ಲ ಹೇಳಿದರು.

ಶಾಂತಿಯೇನೋ ಆಯಿತು. ಸಂಜೆಯಾದರೆ ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಶಾಂತಿ. ಮಾವ ಒಂದೆರಡು ದಿನ ಇಸ್ತ್ರಿ ಕಾಯಿಸಿ ನೋಡಿದರು. ಆಚೆ ರೇಡಿಯೋ ಸ್ಪಷ್ಟವಾಗಿ ಹಾಡುತ್ತಲೇ ಇತ್ತು. ಮೂರನೆಯ ದಿನ ಇಸ್ತ್ರಿಯನ್ನು ಅಟ್ಟದ ಮೇಲೆ ಹಾಕಿದರು. ಆಮೇಲೆ ದೀಪ ಹಚ್ಚಿದ ಮೇಲೆ ಅದನ್ನೇ ನೋಡುತ್ತ ಕೂಡುವುದು, ನಡುನಡುವೆ ಒಂದು ನಿಟ್ಟುಸಿರು. “ಏನ ದೀಪಾನೋಪಾ ಇವು, ಒಮ್ಮಿನೂ ಹೋಗವಲ್ಲವು,” ಎಂದು ಒಂದು ಸಲ ಅಂದರು. ಬೈದು ಹೇಳಿದಂತಿತ್ತು. ಅತ್ತೆ ನನ್ನ ಕಡೆ ನೋಡಿದರು, ಆದರೆ ‘ನಾ ಹೇಳಿದ್ದಿಲ್ಲೇನು’ ಎಂದು ಮಾತ್ರ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಬೂದಿ ಹೊಗೆಯಿಂದಲೋ, ವಯಸ್ಸಿನಿಂದಲೋ, ದೊಡ್ಡ ಮಾವ ಹಾಸಿಗೆ ಹಿಡಿದರು. ಗೋಡೆಯ ಮೇಲಿಂದ ಅವರ ಕೆಮ್ಮು ಕೇಳುತ್ತಿತ್ತು. ನಾನೂ ಅತ್ತೆಯೂ ಹಗಲು ಹೋಗಿ ನೋಡಿ ಬರುತ್ತಿದ್ದೆವು. ಹೆಂಗಸರಿಗೆ ಅಂಥ ಅಡ್ಡಿ ಯಾವಾಗಲೂ ಇರಲಿಲ್ಲ. ಬಂದಕೂಡಲೇ ಮಾವ ಕೇಳುತ್ತಿದ್ದರು. “ಉಂಡಾನೇನು? ಕಣ್ಣ ತಗದಾನೇನು? ನನ್ನ ಏನರ ಕೇಳ್ಯಾನೇನು?”

“ಹೋಗಿ ಬರ್ರಿ ಒಮ್ಮಿ,” ಎನ್ನುತ್ತಿದ್ದರು ಅತ್ತೆ.

“ಅಂವ ಕರದಿಲ್ಲ. ಕರೀದ ಹೆಂಗ ಹೋಗೂದು?”

ಬೆಂಕಿ ಬಿದ್ದಾಗ ಕರೆದಿದ್ದರೇ ಎಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನಾನು ನುಂಗಿಕೊಂಡೆ. ಮತ್ತೊಮ್ಮೆ ಬೆಂಕಿ ಬೀಳಲಿ ಎಂದು ಮಾವ ಒಳಗೊಳಗೆ ಬೇಡಿಕೊಳ್ಳುತ್ತಿದ್ದರೋ ಏನೋ. ಆದರೆ ವಾಯರಮನ್‌ ಕೆಲಸ ಅಷ್ಟು ಚೊಕ್ಕವಾಗಿ ಮಾಡಿದ್ದ.

ಒಂದು ಸಂಜೆ ಕೆಮ್ಮು ಬಹಳ ಹೆಚ್ಚಿತು. ಮಾವ ಕೂತಲ್ಲಿಂದ ಎದ್ದರು, ಕೂತರು, ಮತ್ತೆ ಎದ್ದರು. ಎದ್ದವರು ನೆಟ್ಟಗೆ ನಮ್ಮ ಹೊಸ ಪೆಟ್ಟಿಗೆಯ ಹತ್ತಿರ ಹೋಗಿ, ಬಾಗಿಲು ತೆಗೆದು, ಫ್ಯೂಜಿನ ಬಿಳಿ ತುಂಡನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು. ಮನೆ ಕತ್ತಲಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು.

ಗೋಡೆಯ ಮೇಲಿನ ಸಂದಿನಿಂದ ದೊಡ್ಡ ಮಾವನ ಮನೆಯ ಬೆಳಕು ನಮ್ಮ ತೊಲೆಗಳ ಮೇಲೆ ಚೆನ್ನಾಗಿ ಬಿದ್ದಿತ್ತು. ರೇಡಿಯೋದಲ್ಲಿ ಯಾರೋ ಸುದ್ದಿ ಓದುತ್ತಿದ್ದರು. ಮಾವ ಗೋಡೆಯ ಹತ್ತಿರ ಹೋಗಿ ನಿಂತರು.

“ಅಣ್ಣಾ,” ಎಂದರು. ಮತ್ತೆ ಅಂದರು. “ಅಣ್ಣಾ, ನಿಮ್ಮಲ್ಲಿ ದೀಪಾ ಅದಾವೇನು? ನಮ್ಮಲ್ಲಿ ಹೋದೂ.”

ಆಚೆ ಕೆಮ್ಮು ತಡೆದು ನಿಂತಿತು. ಆಮೇಲೆ ಮಂಚ ಕಿರುಗುಟ್ಟಿತು. ಕಾಲೆಳೆದುಕೊಂಡು, ಗೋಡೆ ಹಿಡಿದುಕೊಂಡು, ನಿಂತು ನಿಂತು ನಡೆದ ಸದ್ದು. ಖಟಕಾ ಇಳಿಸಿದ ಸದ್ದು. ಸುದ್ದಿ ಓದುತ್ತಿದ್ದವನು ಅರ್ಧ ಮಾತಿಗೇ ನಿಂತ, ತೊಲೆಗಳ ಮೇಲಿನ ಬೆಳಕು ಹೋಯಿತು.

“ನಮ್ಮಲ್ಲೂ ಹೋದೂವೋ ತಮ್ಮಾ,” ಎಂದರು ದೊಡ್ಡ ಮಾವ, ಏದುಸಿರು ಬಿಡುತ್ತ. “ಕತ್ತಲದಾಗ ಒಬ್ಬನ ಕುಂತು ಏನ ಮಾಡ್ತಿ? ಈ ಕಡೆ ಬಾ.”

ಮಾವ ಆಗಲೇ ಬಾಗಿಲ ಬಳಿ ಚಪ್ಪಲಿಗಾಗಿ ತಡಕಾಡುತ್ತಿದ್ದರು.